ಕಾಣುವ ಜಾಗದಲ್ಲಿ ನಿಂತವಳು

ಮೊನ್ನೆ ಹ್ಯಾಂಡ್‌ಪೋಸ್ಟ್‌ನ ಹುಡುಗರು ನಾಲ್ಕು ಜನ ಬಂದು, ಅಂಗಡಿಯ ಎದುರಿನ ಕಂಬಕ್ಕೆ ಹೊಸ ಫ್ಲೆಕ್ಸ್ ಕಟ್ಟಬೇಕು, ಏಣಿ ಕೊಡಜ್ಜಿ ಅಂದರು. ಯಾರದ್ದು ಅಂದೆ. ಇನ್ನೊಂದು ಹುಡುಗಿ ಹೊರದೇಶಕ್ಕೆ ಹೊರಟಿದ್ದಾಳೆ ಅಂದರು. ಏಣಿ ಮುರಿದಿದೆ ಅಂದೆ. ಏಣಿ ಅಲ್ಲೇ ಗೋಡೆಗೆ ಒರಗಿಕೊಂಡಿತ್ತು. ಅವರೂ ನೋಡಿದರು, ನಾನೂ ನೋಡಿದೆ.

"ಹಳೇ ಫ್ಲೆಕ್ಸ್ ಇನ್ನೂ ಐತಾ ಅಜ್ಜಿ?"

"ಸೌದೆ ಮ್ಯಾಲೈತೆ. ಓಗಿ ನೋಡ್ಕೋ."

ಆ ಹಳೆಯ ಫ್ಲೆಕ್ಸ್‌ನಲ್ಲಿ ಇದ್ದವಳ ವಿಷಯ ಹೇಳುತ್ತೇನೆ. ಹೆಸರು ಬರೆಯುವುದಿಲ್ಲ. ಒಂದು ಸಲ ಅವಳ ಹೆಸರನ್ನು ಮೊಳದುದ್ದ ಅಕ್ಷರದಲ್ಲಿ ಬರೆದು ರಸ್ತೆಗೆ ಕಟ್ಟಿದ್ದೇ ಸಾಕು.

ನನ್ನದು ಇಡ್ಲಿ ಅಂಗಡಿ. ಮೈಸೂರಿನ ಬಸ್ಸುಗಳೂ ಕಾಡಿನ ಕಡೆಯ ಜೀಪುಗಳೂ ನಿಲ್ಲುವ ಈ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಒಲೆ ಹಚ್ಚಿ ಮೂವತ್ತು ವರ್ಷದ ಮೇಲಾಯಿತು. ಬೆಳಕು ಹರಿಯುವ ಮೊದಲೇ ಇಲ್ಲಿ ಕೂಲಿಯವರು ಬಂದು ನಿಲ್ಲುತ್ತಾರೆ. ಕಾಕನಕೋಟೆಯ ಕಾಡು ದಾಟಿ ಗಡಿಯಾಚೆಯ ಕಾಫಿ ತೋಟಗಳಿಗೆ ಆಳು ಕರೆದೊಯ್ಯುವ ಜೀಪುಗಳು ಬರುತ್ತವೆ. ಮುಂದಿನ ಸೀಟಿನಿಂದ ಮೇಸ್ತ್ರಿ ಇಳಿದು ನಿಂತವರ ಮುಖ ನೋಡುತ್ತಾನೆ. ಬೇಕಾದವರಿಗೆ ಗದ್ದ ಎತ್ತಿ 'ಹತ್ತು' ಅನ್ನುತ್ತಾನೆ. ಜೀಪು ಹತ್ತು ಅಂತ. ಬೇಡದವರಿಗೆ ಏನೂ ಅನ್ನುವುದಿಲ್ಲ. ಅವರು ಬಿಸಿಲೇರುವ ತನಕ ನಿಂತಿದ್ದು ಮನೆಗೆ ನಡೆಯುತ್ತಾರೆ. ನಮ್ಮ ಕಡೆ ಕೆಲಸ ಹುಡುಕುವುದು ಅಂದರೆ ಇಷ್ಟೇ.

ಅವಳನ್ನು ನಾನು ಮೊದಲು ನೋಡಿದ್ದು ಈ ಸಾಲಿನಲ್ಲೇ. ಕಾಡಂಚಿನ ಹಾಡಿಯವಳು, ಕಾಡಿನ ಜನರ ಕೇರಿಯವಳು. ಶಾಲೆಗೆ ರಜ ಬಂದಾಗ ತಾಯಿಯ ಜೊತೆ ಕಾಫಿ ಹಣ್ಣು ಕುಯ್ಯಲು ಬರುತ್ತಿದ್ದಳು. ಉಳಿದ ಮಕ್ಕಳು ನಿದ್ದೆಗಣ್ಣಲ್ಲಿ ತಾಯಂದಿರ ಸೆರಗು ಹಿಡಿದು ಹಿಂದೆ ನಿಂತರೆ ಇವಳು ತಾಯಿಗಿಂತ ಒಂದು ಹೆಜ್ಜೆ ಮುಂದೆ. ಬುತ್ತಿಯ ಚೀಲ ಎದೆಗೆ ಅವುಚಿಕೊಂಡು, ಚಳಿಗೆ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು, ಕಣ್ಣು ನೇರ ಮೇಸ್ತ್ರಿಯ ಮುಖಕ್ಕೆ.

"ಏನ್ ಕೂಸೇ, ಮೇಸ್ತ್ರೀನ ನುಂಗ್ಬುಡೋ ಅಂಗೆ ನೋಡ್ತೀಯಲ್ಲ?" ಅಂದೆ ಒಂದು ದಿನ.

"ಕಾಣೋ ತಾವ ನಿಂತ್ಕಬೇಕು ದೊಡ್ಡವ್ವ. ಹಿಂದ್ಕ ನಿಂತ್ರೆ ನಾವು ಬಂದಿರಾದು ಅವ್ನಿಗೆ ಹೆಂಗ್ ಗೊತ್ತಾದದು?"

ಇದು ಅವಳ ತಾಯಿ ಕಲಿಸಿದ್ದು. ತಾಯಿಯ ಪಾಠ ಇನ್ನೂ ಒಂದಿತ್ತು. ಇವತ್ತು ಕರೆಯಲಿಲ್ಲವೋ, ನಾಳೆ ಅದೇ ಜಾಗದಲ್ಲಿ ನಿಲ್ಲು. ನಾಳೆಯೂ ಕರೆಯಲಿಲ್ಲವೋ, ನಾಡಿದ್ದೂ ನಿಲ್ಲು. ಮೂರನೇ ದಿನ ಅದೇ ಮುಖ ಕಂಡರೆ ಮೇಸ್ತ್ರಿಗೇ ನಾಚಿಕೆಯಾಗಿ ಹತ್ತಿಸಿಕೊಳ್ಳುತ್ತಾನೆ. ನಾನು ಕಂಡ ಮಟ್ಟಿಗೆ ಸುಳ್ಳಲ್ಲ. ಎಷ್ಟೋ ಸಲ ಹಾಗೇ ಆಗಿದೆ.

ಹಾಸ್ಟೆಲಿನಲ್ಲಿದ್ದು ಓದಿದಳು. ಮೈಸೂರಿನಲ್ಲಿ ನರ್ಸಿಂಗ್ ಮಾಡಿದಳು. ಬಿಳಿ ಕೋಟು ಹಾಕಿಕೊಂಡು ಇದೇ ರಸ್ತೆಯಲ್ಲಿ ಬಸ್ಸಿಳಿದಾಗ ಕೂಲಿ ಸಾಲಿನವರು ಬೀಡಿ ಆರಿಸಿದರು. ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು. ಅದನ್ನೂ ನಿಂತೇ ಪಡೆದಳು. ಆಫೀಸರ ರೂಮಿನ ಬಾಗಿಲಿಗೆ ದಿನಾ ಬೆಳಿಗ್ಗೆ ಹೋಗಿ, ಚೀಲ ಎದೆಗವುಚಿಕೊಂಡು ನಿಂತಳಂತೆ. ಕೊನೆಗೆ ಅವರು, "ಏನಮ್ಮಾ ನೀನು, ಕಣ್ಣಿಗೆ ಕಟ್ಟಿದಂಗೆ ಆಗೋಗಿದ್ದೀಯ" ಅಂದು ಕರೆದು ಕೂರಿಸಿ ಮಾತಾಡಿದರಂತೆ. ಅವಳ ಹತ್ತಿರ ಸರ್ಟಿಫಿಕೇಟು ಬೇಕಾದಷ್ಟಿದ್ದವು. ಆದರೆ ಕೆಲಸ ಕೊಡಿಸಿದ್ದು ಕಾಲು ಅಂತಲೇ ಅವಳು ತಿಳಿದಳು.

ದೇವತೆ ಅಂತ ಯಾರೂ ತಿಳಿಯಬೇಡಿ. ಮಹಾ ಕೋಪಿಷ್ಠೆ. ನನ್ನ ಅಂಗಡಿಯಲ್ಲಿ ತಿಂದಷ್ಟು ದಿನವೂ ಚಟ್ನಿಗೆ ಹೆಸರಿಡದೆ ಎದ್ದವಳಲ್ಲ. "ದೊಡ್ಡವ್ವ, ಇದು ಚಟ್ನಿಯಾ ಉಪ್ಪಿನ ನೀರಾ? ನಿನ್ ಗಿರಾಕಿಗಳಿಗೆಲ್ಲ ಬಿಪಿ ಬಂದು ನನ್ ತಾವೇ ಬತ್ತಾರೆ" ಅನ್ನುವಳು. "ತಿನ್ನೋದಾದ್ರೆ ತಿನ್ನು, ಇಲ್ದಿದ್ರೆ ಎದ್ದೋಗು" ಅಂತ ನಾನು. ಎದ್ದು ಹೋದವಳಲ್ಲ, ಇನ್ನೊಂದು ಸೌಟು ಹಾಕಿಸಿಕೊಳ್ಳುವಳು.

ಒಮ್ಮೆ ಇಡ್ಲಿ ಪಾತ್ರೆ ಮಗುಚಿ ನನ್ನ ಮೊಣಕೈಯಿಂದ ಬೆರಳ ತನಕ ಬೆಂದು ಹೋಯಿತು. ಸುತ್ತ ಇದ್ದವರು ಹಲ್ಲುಜ್ಜುವ ಪೇಸ್ಟು ಹಚ್ಚಲು ಬಂದರು. ಅವಳು ಬಸ್ಸಿಳಿದವಳೇ ಅವರನ್ನೆಲ್ಲ ಬೈದು ಓಡಿಸಿ, ಕೊಡದ ನೀರು ಸುರಿದು ಸುರಿದು, ನನ್ನನ್ನು ಆಟೋದಲ್ಲಿ ಹಾಕಿಕೊಂಡು ಹೋದಳು. ದಿನಾ ಬಂದು ಪಟ್ಟಿ ಬದಲಿಸಿದಳು. ನಾನು ನೋವಿಗೆ ಕಿರುಚಿದರೆ, "ಅಳ್ಬ್ಯಾಡ, ನಂಗೆ ಕೈ ನಡುಗ್ತದೆ" ಅಂತ ಗದರುವಳು. ಸಮಾಧಾನದ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಕೈಯಲ್ಲಿ ಕಲೆ ಉಳಿಯಿತು, ಬೆರಳು ಉಳಿದವು.

ವರ್ಷ ವರ್ಷ ಮುಂದುವರಿಸುತ್ತಿದ್ದ ಗುತ್ತಿಗೆಯನ್ನು ಒಂದು ವರ್ಷ ಮುಂದುವರಿಸಲಿಲ್ಲ. ಆಗಲೂ ಹೋಗಿ ನಿಂತಳು. ಆಫೀಸರು ಬದಲಾಗಿದ್ದರು. ಬಾಗಿಲ ಮುಂದೆ ನಿಂತವರೂ ಅವಳೊಬ್ಬಳೇ ಅಲ್ಲ, ಉದ್ದ ಸಾಲು. ಅವಳ ಜೊತೆ ಓದಿದ್ದ ಮಲಯಾಳಿ ಹುಡುಗಿಯೊಬ್ಬಳು ಜರ್ಮನಿಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿದಿದ್ದಳು. ಅಲ್ಲಿ ನರ್ಸುಗಳಿಗೆ ಬರವಂತೆ, ಬಾ ಅಂದಳಂತೆ. ಇವಳು ಮೈಸೂರಿಗೆ ಹೋಗಿ ಬಂದು ಆ ಭಾಷೆ ಕಲಿತಳು. ಬಸ್ಸಿಗೆ ಕಾಯುತ್ತಾ ನನ್ನ ಬೆಂಚಿನ ಮೇಲೆ ಕೂತು ಅದನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಕೂಲಿ ಸಾಲಿನವನೊಬ್ಬ, "ಸಿಸ್ಟರ್, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಂಡದಾ?" ಅಂದ. "ನಿಂಗೆ ಇಂಜೆಕ್ಷನ್ ಚುಚ್ಚೋ ದಿನ ಬರ್ಲಿ ಕಣ್ಲಾ" ಅಂದಳು. ಸಾಲೆಲ್ಲ ನಕ್ಕಿತು.

ಆ ದೇಶದವರು ಕೊಟ್ಟ ವೀಸಾ ಇಂಥದ್ದು: ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಿಕೊಳ್ಳಬಹುದು. ವರ್ಷದೊಳಗೆ ನರ್ಸಿನ ಕೆಲಸ ಸಿಕ್ಕಿದರೆ ಉಳಿಯಬಹುದು. ಸಿಗದಿದ್ದರೆ ಗಂಟು ಕಟ್ಟಬೇಕು. ಅಷ್ಟು ವರ್ಷ ದುಡಿದು ಉಳಿಸಿದ್ದೆಲ್ಲ ಅದಕ್ಕೆ ಹೋಯಿತು.

ಅವಳು ಹೊರಟ ವಾರ ಹುಡುಗರು ಫ್ಲೆಕ್ಸ್ ಕಟ್ಟಿದರು. ನಡುವೆ ಬಿಳಿ ಕೋಟಿನಲ್ಲಿ ಅವಳು. ಹಿಂದೆ ವಿಮಾನ. ಮೇಲೆ ದೊಡ್ಡ ಅಕ್ಷರದಲ್ಲಿ ಜರ್ಮನಿಗೆ ಹೊರಟ ನಮ್ಮ ಹೆಮ್ಮೆಯ ಪುತ್ರಿ, ಹಾರ್ದಿಕ ಅಭಿನಂದನೆ ಅಂತ. ಕೆಳಗೆ ಸಾಲಾಗಿ ಕಟ್ಟಿದ ಹುಡುಗರದ್ದೇ ಫೋಟೋ, ಕಪ್ಪು ಕನ್ನಡಕ ಹಾಕಿಕೊಂಡು. ಅವಳು ನೋಡಿ, "ಇವ್ರೂ ಬತ್ತಾವ್ರಾ ನನ್ ಜೊತೆ?" ಅಂದಳು. ಆದರೆ ಎರಡು ಸಲ ತಿರುಗಿ ನೋಡಿದಳು. ಕೂಲಿ ಸಾಲು ನಿಲ್ಲುವ ಜಾಗ ಆ ಕಂಬದ ಬುಡವೇ. ಮಾರನೆಯ ದಿನದಿಂದ ಅವಳ ತಾಯಿ ಮಗಳ ಫ್ಲೆಕ್ಸ್‌ನ ಕೆಳಗೆ ನಿಂತು ಜೀಪಿಗೆ ಕಾದಳು. ಮೇಸ್ತ್ರಿ ಫ್ಲೆಕ್ಸ್ ನೋಡಿ, ತಾಯಿಯ ಮುಖ ನೋಡಿ, "ಏ ಜರ್ಮನಿ ಅಮ್ಮ, ಹತ್ತು" ಅಂದ. ಅಂದಿನಿಂದ ಅವಳ ಹೆಸರು ಅದೇ ಆಯಿತು. ತಾಯಿ ನಾಚಿಕೊಂಡೇ ಹತ್ತುತ್ತಿದ್ದಳು, ಆದರೆ ಮೊದಲಿಗಿಂತ ಬೇಗ ಹತ್ತುತ್ತಿದ್ದಳು.

ಅವಳು ಇದ್ದ ಊರು ಡಾರ್ಟ್‌ಮುಂಡ್ ಅಂತೆ. ಹಾಡಿಯಲ್ಲಿ ಸಿಗ್ನಲ್ ಇಲ್ಲ, ತಾಯಿಗೆ ಫೋನೂ ಇಲ್ಲ. ಅದಕ್ಕೆ ನನ್ನ ಫೋನಿಗೆ ಮಾತು ತುಂಬಿ ಕಳಿಸುತ್ತಿದ್ದಳು. ನಾನು ಇಡ್ಲಿ ಪಾತ್ರೆ ತೊಳೆಯುವ ಹೊತ್ತಿಗೆ ಅಲ್ಲಿ ಬೆಳಗಾಗುತ್ತಿತ್ತು. ಯಾವಾಗಲೂ ಎರಡು ಬರುತ್ತಿದ್ದವು. "ಇದು ಅವ್ವಂಗೆ" ಅಂತ ಒಂದು, "ಇದು ನಿಂಗೆ" ಅಂತ ಒಂದು.

ಅವ್ವನಿಗೆ ಬಂದದ್ದರಲ್ಲಿ ಹಿಮ ಬಿದ್ದಿರುತ್ತಿತ್ತು, ರಸ್ತೆ ಕ್ಲೀನಾಗಿರುತ್ತಿತ್ತು, ಇವತ್ತು ಒಂದು ಆಸ್ಪತ್ರೆಯವರು ಚೆನ್ನಾಗಿ ಮಾತಾಡಿಸಿರುತ್ತಿದ್ದರು. ಬೆಳಿಗ್ಗೆ ಜೀಪು ಬರುವ ಮೊದಲು ತಾಯಿಯ ಕಿವಿಗೆ ಫೋನು ಹಿಡಿಯುತ್ತಿದ್ದೆ. ಕೇಳಿ, "ಆಯ್ತು ಕಣ್ ಮಗ" ಅಂತ ಫೋನಿಗೆ ಹೇಳಿ ಹೋಗಿ ನಿಲ್ಲುವಳು.

ನನಗೆ ಬಂದದ್ದರಲ್ಲಿ ಬೇರೆ.

"ಮುದುಕರ ಮನೆಯವ್ರು ಹೇಳ್ತಾರೆ, ನಿನ್ ಓದನ್ನ ನಮ್ ಸರ್ಕಾರ ಒಪ್ಪಿದ್ ಮ್ಯಾಲೆ ಬಾ ಅಂತ. ಸರ್ಕಾರದವ್ರು ಹೇಳ್ತಾರೆ, ಕೆಲ್ಸ ಕೊಡೋರು ಯಾರು ಅಂತ ತೋರ್ಸು, ಆಮೇಲೆ ನೋಡಾಣ ಅಂತ. ಇಬ್ರೂ ನಗ್ತಾನೇ ಹೇಳ್ತಾರೆ ದೊಡ್ಡವ್ವ. ಬಯ್ದಿದ್ರಾದ್ರೂ ತಿರುಗ್ಸಿ ಬಯ್ಯಬಹುದಾಗಿತ್ತು."

ಹೋಟೆಲೊಂದರಲ್ಲಿ ವಾರಕ್ಕೆ ಸ್ವಲ್ಪ ಹೊತ್ತು ತಟ್ಟೆ ತೊಳೆಯಲು ಬಿಟ್ಟಿದ್ದರು. ಅದು ಬಾಡಿಗೆಗೆ ಆಯಿತು, ವೀಸಾಕ್ಕೆ ಲೆಕ್ಕಕ್ಕಿಲ್ಲ. ಮಲಯಾಳಿ ಗೆಳತಿ ಬೇರೆ ಊರಿನಲ್ಲಿದ್ದಳು, ಮೊದಮೊದಲು ಫೋನು ಮಾಡಿದಳು, ಆಮೇಲೆ ಅವಳಿಗೂ ಪುರುಸೊತ್ತಾಗಲಿಲ್ಲ.

ಒಂದು ಕಡೆ ಕೊನೆಗೂ ಕರೆದು ಕೂರಿಸಿ ಮಾತಾಡಿದರು. ಮೂರು ಜನ ಮೇಜಿನ ಆ ಕಡೆ. ನಿಮ್ಮಲ್ಲಿರುವ ದೋಷ ಒಂದು ಹೇಳಿ ಅಂದರಂತೆ.

"ಏನೇಳ್ದೆ?" ಅಂದೆ. ಅವತ್ತು ನೇರ ಫೋನು ಮಾಡಿದ್ದಳು.

"ಕ್ವಾಪ ಜಾಸ್ತಿ ಅಂದೆ."

"ಯಾಕೇಳ್ದೆ ಮುಂಡೇದೆ?"

"ಕೇಳುದ್ರಲ್ಲ."

"ಹೆಣ್ ನೋಡಾಕ್ ಬಂದೋರ ಮುಂದೆ ನಮ್ಮುಡ್ಗಿ ಕುಂಟಿ ಅಂತ ಯಾರಾದ್ರೂ ಏಳ್ತಾರಾ?"

ನಕ್ಕಳು. ಆ ದೇಶದಿಂದ ನಾನು ಕೇಳಿದ ಅವಳ ನಗು ಅದೊಂದೇ. ಅವರು ನೋಡಿ ತಿಳಿಸುತ್ತೇವೆ ಅಂದಿದ್ದರು. ತಿಳಿಸಲಿಲ್ಲ.

ಆಮೇಲೆ ಅವಳಿಗೆ ತನ್ನ ಹಳೆಯ ವಿದ್ಯೆ ನೆನಪಾಯಿತು. "ದೊಡ್ಡವ್ವ, ಇಲ್ಲಿ ಕೆಲ್ಸಕ್ಕೆ ಜನ ಎಲ್ಲಿ ನಿಲ್ತಾರೆ ಅಂತಲೇ ಗೊತ್ತಾಯ್ತಿಲ್ಲ. ಬೆಳಗ್ಗೆ ಎದ್ದು ರೈಲ್ವೆ ಸ್ಟೇಷನ್ ತಾವ ಹೋಗಿ ನೋಡ್ದೆ. ಎಲ್ರೂ ಓಡ್ತಾವ್ರೆ. ಒಬ್ರೂ ನಿಂತಿಲ್ಲ" ಅಂದಳು. ಎಲ್ಲ ಕಂಪ್ಯೂಟರಿನಲ್ಲೇ ಕಳಿಸಬೇಕು. ಕಂಪ್ಯೂಟರಿಗೆ ಕಣ್ಣಿದೆಯಾ, ನಾನು ಬಂದಿರುವುದು ಅದಕ್ಕೆ ಹೇಗೆ ಗೊತ್ತಾಗಬೇಕು ಅಂದಳು. ಚಿಕ್ಕ ಹುಡುಗಿಯಾಗಿದ್ದಾಗ ಕೇಳಿದ್ದ ಪ್ರಶ್ನೆಯೇ.

ಊರಾಚೆ ಒಂದು ಮುದುಕರ ಮನೆಯಿತ್ತು. ಅಲ್ಲಿ ನರ್ಸು ಬೇಕು ಅಂತ ಬೋರ್ಡೇ ಹಾಕಿದ್ದರಂತೆ. ಇವಳು ಕಂಪ್ಯೂಟರಿನಲ್ಲಿ ಕಳಿಸಿದ್ದಕ್ಕೆ ಉತ್ತರ ಬಂದಿರಲಿಲ್ಲ. ಒಂದು ಬೆಳಿಗ್ಗೆ ಕೆಲಸದವರು ಒಳಗೆ ಹೋಗುವ ಹೊತ್ತಿಗೆ ಸರಿಯಾಗಿ ಗೇಟಿನ ಮುಂದೆ ಹೋಗಿ ನಿಂತಳು. ಸರ್ಟಿಫಿಕೇಟಿನ ಚೀಲ ಎದೆಗವುಚಿಕೊಂಡು. ಅಲ್ಲಿನ ಮೇಡಂ ಬಂದು ಏನು ಬೇಕು ಅಂದಳು. ಕೆಲಸ ಅಂದಳು ಇವಳು. ಕಂಪ್ಯೂಟರಿನಲ್ಲಿ ಕಳಿಸಿ ಅಂದು ಆಕೆ ಒಳಗೆ ಹೋದಳು. ಇವಳು ಮಧ್ಯಾಹ್ನದ ತನಕ ನಿಂತಳು. ಮಾರನೆಯ ದಿನವೂ ಹೋದಳು. ಮಳೆ ಬಂತು. ಕೊಡೆ ಹಿಡಿಯಲಿಲ್ಲ, ಕೊಡೆ ಹಿಡಿದರೆ ಮುಖ ಕಾಣುವುದಿಲ್ಲ ಅಂತ. ಒಳಗಿನ ಮುದುಕಿಯರು ಕಿಟಕಿಯ ಪರದೆ ಸರಿಸಿ ನೋಡಿದರಂತೆ. ಒಬ್ಬ ಮುದುಕಿ ಕೈ ಆಡಿಸಿದಳಂತೆ. ಇವಳೂ ಕೈ ಆಡಿಸಿದಳು.

"ನಾಳೆ ಮೂರ್ನೇ ದಿನ ದೊಡ್ಡವ್ವ" ಅಂದಳು ಆ ಸಂಜೆ. ನಾನು ಹ್ಞೂಂ ಅಂದೆ. ಬೇಡ ಅನ್ನಲು ನನಗೇನು ಗೊತ್ತು? ಇಲ್ಲಿ ಆಗುವುದನ್ನು ನಾನೂ ಕಂಡಿದ್ದೆ.

ಮಾರನೆಯ ದಿನ ಫೋನು ತಡವಾಗಿ ಬಂತು. ನನ್ನದು ಮಾತ್ರ, ಅವ್ವನದ್ದು ಇರಲಿಲ್ಲ.

"ಮೂರ್ನೇ ದಿನ ಜೀಪ್ ಬಂತು ದೊಡ್ಡವ್ವ. ಪೊಲೀಸ್ ಜೀಪು."

ಅವರೂ ಬೈಯಲಿಲ್ಲವಂತೆ. ಪಾಸ್‌ಪೋರ್ಟು ನೋಡಿದರು, ಬರೆದುಕೊಂಡರು. ಮುದುಕರು ಹೆದರಿಕೊಂಡಿದ್ದಾರೆ, ಇನ್ನು ಇಲ್ಲಿ ನಿಲ್ಲಬೇಡಿ ಅಂದರು. ಬಸ್ ಸ್ಟಾಪಿನ ತನಕ ಬಿಟ್ಟು ಹೋದರು. "ಮುದುಕ್ರನ್ನ ನೋಡ್ಕಳಕೆ ಹೋದೋಳು ಮುದುಕ್ರನ್ನ ಹೆದರ್ಸ್ದೆ" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಗದರುವುದಕ್ಕಾದರೂ ಆಗುತ್ತಿತ್ತು.

ಅಲ್ಲಿಂದ ಮುಂದೆ ಮಾತು ಕಮ್ಮಿಯಾಯಿತು. ಅರ್ಜಿ ಕಳಿಸುತ್ತಲೇ ಇದ್ದಳು. ಬೆಳಿಗ್ಗೆ ಎದ್ದು, ಬಿಳಿ ಕೋಟು ಇಸ್ತ್ರಿ ಮಾಡಿ, ನೇತುಹಾಕಿ, ತಟ್ಟೆ ತೊಳೆಯಲು ಹೋಗುತ್ತಿದ್ದಳು. ಚಳಿಗಾಲದಲ್ಲಿ ಒಂದು ದಿನ ಫೋನಿನಲ್ಲಿ ಬಂದದ್ದನ್ನು ಒತ್ತಿದರೆ ಮಾತೇ ಇಲ್ಲ. ರಸ್ತೆಯಲ್ಲಿ ಓಡುವ ರೈಲಿನ ಗಂಟೆ, ಯಾರೋ ನಡೆದ ಸದ್ದು, ಅವಳ ಉಸಿರು. ಮುಗಿಯುವ ತನಕ ಕೇಳಿದೆ. ಅದು ಅವ್ವನಿಗೋ ನನಗೋ ಗೊತ್ತಾಗಲಿಲ್ಲ. ಅಳಿಸಲೂ ಬರಲಿಲ್ಲ ನನಗೆ.

"ಬಾ ಇತ್ಲಾಗೆ" ಅಂದೆ. "ಇಲ್ಲೇ ಕೋಟೆ ಪ್ಯಾಟೇಲಿ ಯಾವ್ದಾದ್ರೂ ಕ್ಲಿನಿಕ್ ಹಿಡ್ಕಳಿವಂತೆ. ಸತ್ತೋಗ್ಬುಟ್ಟೀಯ ಅಲ್ಲಿ."

"ಫ್ಲೆಕ್ಸ್ ಇನ್ನೂ ಐತಾ?"

"ಐತೆ."

"ಅವ್ವ ಅದ್ರ ಬುಡದಲ್ಲೇ ನಿಲ್ತಾಳಾ?"

"ಇನ್ನೆಲ್ಲಿ ನಿಲ್ತಾಳೆ?"

"ಅದು ಇರೋ ತನಕ ನಾನೆಂಗ್ ಬರ್ಲಿ ದೊಡ್ಡವ್ವ? ಬಸ್ ನಿಲ್ಲಾದೇ ಅದ್ರ ಮುಂದೆ."

ಕಿತ್ತು ಹಾಕಲಾ ಅಂದೆ. ಬೇಡ ಅಂದಳು. ಅವ್ವ ಕೇಳಿದರೆ ಏನು ಹೇಳುತ್ತೀಯ ಅಂದಳು. ಫ್ಲೆಕ್ಸ್ ಅಲ್ಲೇ ಉಳಿಯಿತು. ಬಿಸಿಲಿಗೆ ವಿಮಾನ ಬೆಳ್ಳಗಾಯಿತು. ಗಾಳಿಗೆ ಒಂದು ಮೂಲೆ ಹರಿದು, ಕಪ್ಪು ಕನ್ನಡಕದ ಹುಡುಗರಲ್ಲಿ ಇಬ್ಬರು ಹೋದರು. ಅವಳ ಮುಖ ಮಾತ್ರ ಹಾಗೇ ಇತ್ತು. ಹಾಳು ಫ್ಲೆಕ್ಸ್, ಒಳ್ಳೆಯದೇ ಮಾಡಿಸಿದ್ದರು.

ವರ್ಷ ಮುಗಿಯಿತು.

ಮೈಸೂರಿನ ಮೊದಲ ಬಸ್ಸಿಗೆ ಬಂದಿಳಿದಳು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಬರುತ್ತೇನೆ ಅಂತ ಹೇಳಿರಲಿಲ್ಲ. ದಪ್ಪ ಬೂಟು, ಕುತ್ತಿಗೆಗೆ ಉಣ್ಣೆ ಬಟ್ಟೆ, ಒಂದು ಚೀಲ. ಮೂಳೆ ಕಾಣುತ್ತಿತ್ತು. ಫ್ಲೆಕ್ಸ್ ಕಡೆ ಕತ್ತೆತ್ತಲಿಲ್ಲ. ಬೆಂಚಿನ ಮೇಲೆ ಕೂತಳು. ನಾನು ಕೇಳದೆಯೇ ನಾಲ್ಕು ಇಡ್ಲಿ ಹಾಕಿ ಕೊಟ್ಟೆ. ತಿಂದಳು. ಚಟ್ನಿಯ ಬಗ್ಗೆ ಏನೂ ಅನ್ನಲಿಲ್ಲ. ಅಷ್ಟು ತಿಂಗಳು ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಆಗದ ಹೆದರಿಕೆ ನನಗೆ ಆಗ ಆಯಿತು.

"ಉಪ್ಪಾಗಿಲ್ವಾ?" ಅಂದೆ.

"ಇಲ್ಲ" ಅಂದಳು.

ಹಾಡಿಯಿಂದ ಬಂದ ತಾಯಿ ಕಂಬದ ಬುಡದಲ್ಲಿ ಬುತ್ತಿ ಚೀಲ ಇಟ್ಟು, ತಲೆಯ ಬಟ್ಟೆ ಬಿಗಿದುಕೊಳ್ಳುತ್ತಿದ್ದವಳು ಇವಳನ್ನು ನೋಡಿದಳು. ಮುಖ ನೋಡಿದಳು, ಬೂಟು ನೋಡಿದಳು.

"ಬಂದ್ಯಾ?"

"ಬಂದೆ ಕಣವ್ವ."

ಅಷ್ಟೇ. ಮೇಲೆ ಫ್ಲೆಕ್ಸ್ ಪಟಪಟ ಅನ್ನುತ್ತಿತ್ತು. ಜೀಪಿನ ಲೈಟು ತಿರುವಿನಲ್ಲಿ ಕಂಡಿತು. ಸಾಲಿನವರು ಎದ್ದು ನಿಂತರು. ಇವಳು ಕೈ ತೊಳೆದು, ಚೀಲ ಎತ್ತಿ ಎದೆಗವುಚಿಕೊಂಡು, ಹೋಗಿ ಸಾಲಿನಲ್ಲಿ ನಿಂತಳು. ತಾಯಿ ಪಕ್ಕಕ್ಕೆ ಸರಿದು, ತನಗಿಂತ ಒಂದು ಹೆಜ್ಜೆ ಮುಂದೆ ಜಾಗ ಬಿಟ್ಟಳು.

ನಾನು ಸೌಟು ಹಿಡಿದುಕೊಂಡೇ ಆಚೆ ಬಂದೆ. "ಲೇ, ಏನಿದು? ಬಾ ಇಲ್ಲಿ. ಓದಿರೋಳು ನೀನು. ನಾಳೆ ನಾನೇ ಬತ್ತೀನಿ, ಕ್ಲಿನಿಕ್ಕಿನವ್ರ ತಾವ ಮಾತಾಡಾಣ."

"ನಾಳೆ ಬತ್ತೀನಿ ಬುಡು ದೊಡ್ಡವ್ವ" ಅಂದಳು, ನನ್ನ ಕಡೆ ತಿರುಗದೆ. "ಇವತ್ತೊಂದಿನ ಯಾರಾದ್ರೂ ನನ್ನ ಹತ್ತು ಅನ್ಲಿ."

ಮೇಸ್ತ್ರಿ ಇಳಿದ. ಅದೇ ಮೇಸ್ತ್ರಿ, ಮುದುಕನಾಗಿದ್ದಾನೆ. ಸಾಲಿನ ಮುಖ ನೋಡುತ್ತಾ ಬಂದು ಇವಳ ಮುಂದೆ ನಿಂತ. ಮೇಲೆ ನೋಡಿದ. ಕೆಳಗೆ ನೋಡಿದ. ಜರ್ಮನಿ ಅಂತ ಬಾಯಿ ತೆರೆದವನು ಮುಚ್ಚಿಕೊಂಡ. ಅವಳು ಬೂಟಿನ ಮೇಲೆ ಬೂಟಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಗದ್ದ ಎತ್ತಿದ.

"ಹತ್ತು."

ಹತ್ತಿದಳು. ಹಿಂದೆಯೇ ತಾಯಿ ಹತ್ತಿದಳು.

ಮಧ್ಯಾಹ್ನ ಏಣಿ ಹಾಕಿ, ಕುಡುಗೋಲಿನಿಂದ ಹಗ್ಗ ಕೊಯ್ದು ಫ್ಲೆಕ್ಸ್ ಇಳಿಸಿದೆ. ಯಾಕಜ್ಜಿ ಅಂತ ಹುಡುಗರು ಜಗಳಕ್ಕೆ ಬಂದರು. ಸೌದೆ ನೆನೆಯುತ್ತದೆ ಅಂದೆ. ಮುಖ ಕೆಳಗೆ ಮಾಡಿ ಹೊದಿಸಿ, ನಾಲ್ಕು ಕಡೆ ಕಲ್ಲಿಟ್ಟೆ.

ಸಂಜೆ ಜೀಪಿನಿಂದ ತಾಯಿ ಒಬ್ಬಳೇ ಇಳಿದಳು. ಮಗಳು ತೋಟದ ಆಳುಗಳಿರುವ ಲೈನ್ ಮನೆಯಲ್ಲೇ ಉಳಿದಳು ಅಂದಳು. ಸ್ವಲ್ಪ ದಿನ ಅಲ್ಲಿ ಹಣ್ಣು ಕುಯ್ದಳಂತೆ. ಕೈ ಕೊಯ್ದುಕೊಂಡವರಿಗೆ ಪಟ್ಟಿ ಕಟ್ಟಿದಳಂತೆ. ಆಮೇಲೆ ಅಲ್ಲಿಂದ ಹೋದಳು. ಕೇರಳದ ಕಡೆ ಆಸ್ಪತ್ರೆ ಸೇರಿದ್ದಾಳೆ ಅಂತ ಒಬ್ಬರು, ಮತ್ತೆ ಆ ಭಾಷೆಯ ಪರೀಕ್ಷೆಗೆ ಓದುತ್ತಿದ್ದಾಳೆ ಅಂತ ಒಬ್ಬರು. ನನಗೆ ಗೊತ್ತಿಲ್ಲ. ಹಳೆಯ ನಂಬರಿಗೆ ಫೋನು ಹೋಗುವುದಿಲ್ಲ. ನಾಳೆ ಬರುತ್ತೇನೆ ಅಂದವಳು ಬಂದಿಲ್ಲ. ತಾಯಿಯನ್ನು ಕೇಳಿದರೆ, "ಅವ್ಳೆ" ಅನ್ನುತ್ತಾಳೆ. ಇದ್ದಾಳೆ ಅಂತ. ಅದಕ್ಕಿಂತ ಹೆಚ್ಚು ನಾನೂ ಕೇಳುವುದಿಲ್ಲ.

ಹುಡುಗರು ಬೇರೆ ಎಲ್ಲಿಂದಲೋ ಏಣಿ ತಂದು ನಿನ್ನೆ ಹೊಸ ಫ್ಲೆಕ್ಸ್ ಕಟ್ಟಿದ್ದಾರೆ. ಹುಡುಗಿ ಲಕ್ಷಣವಾಗಿದ್ದಾಳೆ. ಯಾವ ದೇಶವೋ, ನಾನು ಓದಲಿಲ್ಲ.

ಅವಳ ತಾಯಿ ಇವತ್ತು ಬೆಳಿಗ್ಗೆ ಬಂದು ಕತ್ತೆತ್ತಿ ಅದನ್ನು ನೋಡಿದಳು. ಬುತ್ತಿ ಚೀಲ ಎತ್ತಿಕೊಂಡು ರಸ್ತೆ ದಾಟಿ, ಆ ಕಡೆಯ ಹುಣಸೆ ಮರದ ಹಿಂದೆ ಹೋಗಿ ನಿಂತಳು. ಜೀಪಿನಿಂದ ಆ ಜಾಗ ಕಾಣುವುದಿಲ್ಲ. ಮೇಸ್ತ್ರಿ ಇಳಿದು ಸಾಲು ನೋಡಿದ, ಎಲ್ಲಿ ಅಂತ ನನ್ನ ಕಡೆ ನೋಡಿದ. ನಾನು ಸೌಟಿನಲ್ಲಿ ತೋರಿಸಿದೆ. "ಏ ಜರ್ಮನಿ ಅಮ್ಮ" ಅಂತ ಕೂಗಿದ. ಅವಳು ಅಲುಗಲಿಲ್ಲ. ಇನ್ನೊಂದು ಸಲ ಕೂಗಿದ. ಅಲುಗಲಿಲ್ಲ. ಡ್ರೈವರು ಹಾರ್ನು ಹೊಡೆಯುತ್ತಿದ್ದ. ಮೇಸ್ತ್ರಿ ಪಂಚೆ ಎತ್ತಿ ಕಟ್ಟಿ, ರಸ್ತೆ ದಾಟಿ ಅವಳ ಮುಂದೆ ಹೋಗಿ ನಿಂತು, ಅವಳದೇ ಹೆಸರು ಹಿಡಿದು ಕರೆದ.

ಆಗ ಬಂದಳು.